ಕಾಲುವೆಯ ಕೊನೆಗೆ ಕೊಟ್ಟ ಮಗಳು

ನನ್ನ ತವರುಮನೆಯೂ ಗಂಡನ ಮನೆಯೂ ಒಂದೇ ಕಾಲುವೆಯ ಮೇಲಿವೆ. ತವರು ಹುಣಸಗಿಯಿಂದ ಕೊಡೇಕಲ್ ಕಡೆಗೆ ಹೋಗುವ ದಾರಿಯಲ್ಲಿದೆ. ಕಾಲುವೆಗೆ ನೀರು ಬಿಟ್ಟರೆ ಮೊದಲು ಮುಟ್ಟುವ ಊರುಗಳಲ್ಲಿ ಅದೂ ಒಂದು. ಗಂಡನ ಮನೆ ಸುರಪುರ ದಾಟಿ ಶಹಾಪುರದ ಕಡೆಗೆ. ಅದೇ ನೀರು ಎಲ್ಲರ ಹೊಲ ಸುತ್ತಿ ಕಟ್ಟಕಡೆಗೆ ನಮ್ಮ ಊರಿಗೆ ಬರಬೇಕು. ನನ್ನ ಮದುವೆ ಗೊತ್ತು ಮಾಡುವಾಗ ಅಪ್ಪ ಇದನ್ನೆಲ್ಲ ವಿಚಾರಿಸಿದ್ದ. ಮಳೆ ನಂಬಿದ ಊರಿಗೆ ಮಗಳನ್ನು ಕೊಡುವುದಿಲ್ಲ ಎಂದು ಎರಡು ಸಂಬಂಧ ಬಿಟ್ಟಿದ್ದ. ಇಲ್ಲಿಯ ಹುಡುಗನ ಹೊಲದ ಬದುವಿಗೆ ಕಾಲುವೆ ಇದೆ ಎಂದು ತಿಳಿದ ಮೇಲೆಯೇ ಹೂಂ ಅಂದದ್ದು. ಕಾಲುವೆ ಇದ್ದರೆ ನೀರೂ ಇರುತ್ತದೆ ಎಂದು ಆಗ ಎಲ್ಲರೂ ತಿಳಿದಿದ್ದರು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಏಳನೆಯ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹೊಲಕ್ಕೆ ಇಳಿದ. ಆದರೆ ನನ್ನನ್ನು ಬಿಡಿಸಲು ಒಪ್ಪಲಿಲ್ಲ. ಶಿಕ್ಷಕರ ತರಬೇತಿಯ ಪರೀಕ್ಷೆಗೆ ಯಾದಗಿರಿಗೆ ಹೋಗಬೇಕಾದಾಗ ಅವನೇ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ನಾನು ಒಳಗೆ ಬರೆಯುತ್ತಿದ್ದರೆ ಹೊರಗೆ ಬೇವಿನ ಮರದ ಕೆಳಗೆ ರೊಟ್ಟಿ ಗಂಟು ಇಟ್ಟುಕೊಂಡು ಕೂತಿರುತ್ತಿದ್ದ. ಐದು ದಿನವೂ ಹಾಗೆ ಕೂತ. ಕೊನೆಯ ದಿನ ಪಾಸಾಗುವೆ ಅಲ್ಲವೇ ಎಂದು ಒಂದೇ ಒಂದು ಸಲ ಕೇಳಿದ. ನನಗೆ ಕೆಲಸ ಸಿಕ್ಕದ್ದು, ನಾಲ್ಕು ಜನ ನನ್ನನ್ನು ಟೀಚರ್ ಎಂದು ಕರೆಯುವಂತಾದದ್ದು ಅವನು ಹಾಗೆ ಕೂತದ್ದರಿಂದ. ಇದನ್ನು ಇವತ್ತಿಗೂ ಇಲ್ಲ ಎನ್ನಲಾರೆ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಭತ್ತಕ್ಕೆ ಇಳಿದ. ನಮ್ಮದು ಜೋಳ, ಹತ್ತಿ ಬೆಳೆಯುವ ಮನೆತನ. ಆದರೆ ಸುತ್ತಲಿನ ಹೊಲಗಳನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದ ಆಂಧ್ರದ ಜನ ವರ್ಷಕ್ಕೆ ಎರಡು ಸಲ ಭತ್ತ ತೆಗೆಯುವುದನ್ನು ನೋಡಿ ಅವನಿಗೂ ಆಸೆ ಹತ್ತಿತು. ಕಾಲುವೆಯ ಕೆಳಗಿನ ಹೊಲಕ್ಕೆ ನೀರು ತಾನಾಗಿ ಇಳಿಯುತ್ತದೆ. ನಮ್ಮ ಹೊಲ ಬಹುಪಾಲು ಕಾಲುವೆಗಿಂತ ಎತ್ತರದಲ್ಲಿತ್ತು. ಕಾಲುವೆ ತೋಡಿದವರ ಲೆಕ್ಕದಲ್ಲಿ ಅದಕ್ಕೆ ನೀರೇ ಇರಲಿಲ್ಲ. ಅಣ್ಣ ಕಾಲುವೆಗೆ ಮೋಟಾರು ಇಳಿಸಿ, ಪೈಪು ಹಾಕಿ, ನೀರನ್ನು ಎತ್ತರಕ್ಕೆ ಹತ್ತಿಸಿದ. ಮೋಟಾರಿಗೆ ಕರೆಂಟು ಇದ್ದಷ್ಟು ಹೊತ್ತು ಆ ಗುಡ್ಡದ ಹೊಲ ಕೆರೆಯ ಹಾಗೆ ತುಂಬಿರುತ್ತಿತ್ತು. ಪ್ರತಿ ಸುಗ್ಗಿಗೆ ಒಂದು ಚೀಲ ಅಕ್ಕಿ ಹೊತ್ತು ನಮ್ಮ ಮನೆಗೆ ಬರುತ್ತಿದ್ದ. ನಾವು ಜೋಳದ ರೊಟ್ಟಿ ಉಣ್ಣುವ ಜನ, ಆದರೂ ತವರಿನ ಅಕ್ಕಿ ಎಂದರೆ ನನಗೆ ಅದರ ವಾಸನೆಯೇ ಬೇರೆ ಅನ್ನಿಸುತ್ತಿತ್ತು.

ನಮ್ಮ ಊರಿಗೆ ನೀರು ಕಡಿಮೆಯಾಗುತ್ತಾ ಬಂದದ್ದು ಅದೇ ವರ್ಷಗಳಲ್ಲಿ. ಮುಂಗಾರಿನಲ್ಲಿ ಗೊತ್ತಾಗುತ್ತಿರಲಿಲ್ಲ. ಹಿಂಗಾರಿಗೆ ನೀರು ಬಿಟ್ಟಾಗ ಮಾತ್ರ ಕೊನೆಯ ಊರುಗಳ ಜನ ಕಾಲುವೆಯ ದಂಡೆಯ ಮೇಲೆ ನಿಂತು ಮೇಲಿನ ಕಡೆ ನೋಡುವುದೇ ಕೆಲಸವಾಯಿತು. ಮೇಲಿನವರು ಭತ್ತ ಹಾಕುತ್ತಾರೆ, ಮೋಟಾರು ಹಚ್ಚುತ್ತಾರೆ ಎಂದು ಎಲ್ಲರೂ ಬೈಯುತ್ತಿದ್ದರು. ನಾನು ಬಂದರೆ ಮಾತು ನಿಲ್ಲಿಸುತ್ತಿದ್ದರು. ನನ್ನ ತವರು ಮೇಲೆಯೇ ಅಲ್ಲವೇ. ಆದರೆ ನನ್ನ ಅಣ್ಣನದು ಒಂದು ಮೋಟಾರು, ಅಷ್ಟು ದೊಡ್ಡ ಕಾಲುವೆಗೆ ಅದೇನು ಲೆಕ್ಕ ಎಂದುಕೊಂಡು ನಾನೂ ಸುಮ್ಮನಿದ್ದೆ.

ಆ ವರ್ಷ ಮಳೆ ಕಡಿಮೆಯಾಯಿತು. ಆಣೆಕಟ್ಟೆಯಲ್ಲಿ ನೀರು ಸಾಲದು, ಎರಡನೆಯ ಬೆಳೆಗೆ ಸರದಿಯ ಮೇಲೆ ಬಿಡುತ್ತೇವೆ ಎಂದು ಅಧಿಕಾರಿಗಳು ಹೇಳಿದರು. ಕೆಲವು ದಿನ ಚಾಲು, ಕೆಲವು ದಿನ ಬಂದ್. ಹುಣಸಗಿಯಲ್ಲಿ ಮೇಲಿನ ಊರು, ಕೆಳಗಿನ ಊರುಗಳ ರೈತರ ಸಭೆ ಆಯಿತು. ಮೇಲಿನವರ ಪರವಾಗಿ ಮಾತಾಡಿದವನು ನನ್ನ ಅಣ್ಣ. ಆ ಹೊತ್ತಿಗೆ ಅವನು ಆ ಭಾಗದ ಮುಂದಾಳು ಆಗಿದ್ದ. ಎರಡನೆಯ ಬೆಳೆಗೆ ಭತ್ತ ಹಾಕುವುದಿಲ್ಲ, ಜೋಳ, ಕಡಲೆ ಹಾಕುತ್ತೇವೆ, ನೀರು ಬಿಟ್ಟ ದಿನಗಳಲ್ಲಿ ಕಾಲುವೆಯಿಂದ ಮೋಟಾರು ಎತ್ತಿ ಇಡುತ್ತೇವೆ ಎಂದು ಅವನು ಒಪ್ಪಿಕೊಂಡ. ಸಭೆಯಲ್ಲಿದ್ದ ನನ್ನ ಗಂಡ ಮನೆಗೆ ಬಂದು ಈ ಸುದ್ದಿ ಹೇಳಿದರು. ಸಂತೋಷವೇ ಎಂದು ಕೇಳಿದೆ. ನೋಡೋಣ ಎಂದಷ್ಟೇ ಹೇಳಿದರು.

ಅದಾಗಿ ಕೆಲವು ದಿನಕ್ಕೆ ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಅಂದರೆ ಭೂಮಿಗೆ ಅವಳ ಪಾಲಿನ ಎಡೆ ಎರಚಿ, ಆಮೇಲೆ ಅಲ್ಲೇ ಕೂತು ಉಣ್ಣುತ್ತೇವೆ. ಅಣ್ಣ ಆ ವರ್ಷ ತನ್ನ ಹೊಲ ಬಿಟ್ಟು ನಮ್ಮ ಹೊಲಕ್ಕೆ ಬಂದ. ನನಗೆ ಹೆಮ್ಮೆಯಾಯಿತು. ಅಕ್ಕಪಕ್ಕದ ಹೊಲದವರನ್ನೆಲ್ಲ ಕರೆದೆ. ಬನ್ನಿ ಮರದ ಕೆಳಗೆ ಹತ್ತು ಹದಿನೈದು ಜನ ಕೂತರು. ಊಟದ ನಡುವೆ ಒಬ್ಬರು ಹಿರಿಯರು ನೇರವಾಗಿ ಕೇಳಿಯೇಬಿಟ್ಟರು. ಸಭೆಯ ಮಾತು ಸಭೆಗೇ ಉಳಿಯುತ್ತದೆಯೋ, ನಮ್ಮ ಹೊಲದವರೆಗೂ ಬರುತ್ತದೆಯೋ ಎಂದು.

ಅಣ್ಣ ಕೈಯಲ್ಲಿದ್ದ ರೊಟ್ಟಿ ತಾಟಿನಲ್ಲಿಟ್ಟ. ನನ್ನ ಕಡೆ ಕೈ ತೋರಿಸಿ ಹೇಳಿದ.

“ಈಕಿ ನನ್ನ ಒಡಹುಟ್ಟಿದಾಕಿ ಅದಾಳ್ರಿ. ನನ್ನ ತಂಗಿ ಉಣ್ಣೂ ತಾಟಿನ್ಯಾಗ ನಾನೇ ಮಣ್ಣು ಹಾಕ್ತೀನೇನ್ರಿ?”

ಕೇಳಿದ ಹಿರಿಯರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ನಮ್ಮ ಹೊಲದ ಮಗ್ಗುಲಲ್ಲಿ ಎರಡು ಎಕರೆ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ನನಗಿಂತ ಹಿರಿಯಳು, ನಾನು ಕಾಕಿ ಎನ್ನುತ್ತಿದ್ದೆ. ಗಂಡ ತೀರಿ ಬಹಳ ವರ್ಷವಾಗಿತ್ತು. ಅವಳ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಬಿತ್ತನೆಯ ಬೀಜದ ಗಡಿಗೆಗಳು. ಬೀಜವನ್ನು ಅವಳು ಯಾವತ್ತೂ ಪೇಟೆಯಿಂದ ತಂದವಳಲ್ಲ, ಪ್ರತಿ ವರ್ಷ ತನ್ನ ಬೆಳೆಯಲ್ಲೇ ಒಳ್ಳೆಯದನ್ನು ಆರಿಸಿ ಇಡುತ್ತಿದ್ದಳು. ಹಿಂಗಾರಿಗೆ ಅವಳು ಕಡಲೆ ಬಿತ್ತುವವಳು. ಕಡಲೆಗೆ ನೆಲದ ಹಸಿ ಸಾಕು, ಕಾಲುವೆಯ ಮುಖ ನೋಡಬೇಕಾಗಿಲ್ಲ. ಎಳ್ಳಮಾವಾಸ್ಯೆಯ ಹೊತ್ತಿಗೆ ಊರಿನ ಕಡಲೆ ಎಲ್ಲ ಮೊಣಕಾಲಿಗೆ ಬಂದಿತ್ತು. ಆದರೆ ಅವಳ ಹೊಲ ಆ ಸಲ ಗಿಡ ಒಣಗಿಸುವ ಸಿಡಿ ರೋಗ ಬಿದ್ದು ಖಾಲಿಯಾಗಿತ್ತು. ನೀರು ಬರುವುದಾದರೆ ಶೇಂಗಾ ಬಿತ್ತಬಹುದು. ಬರದಿದ್ದರೆ ಹೊಲ ಹಾಗೇ ಬಿಟ್ಟು, ಶೇಂಗಾ ಬೀಜವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಬಹುದು.

ಮರುದಿನ ಅವಳು ಶಾಲೆಗೆ ಬಂದಳು. ಮಕ್ಕಳು ಊಟಕ್ಕೆ ಕೂತಿದ್ದರು. ಅವಳು ಬಾಗಿಲ ಹೊರಗೇ ನಿಂತು, ಗಂಡಸರ ಮಾತು ತನಗೆ ತಿಳಿಯುವುದಿಲ್ಲ, ನೀನು ಹೇಳು, ಬಿತ್ತಲೋ ಬೇಡವೋ ಎಂದಳು.

“ಬಿತ್ತು ಕಾಕಿ,” ಅಂದೆ. “ನಮ್ಮಣ್ಣ ಸುಳ್ಳ ಹೇಳೂ ಮನಷಾ ಅಲ್ಲ.”

ಅವಳು ಬಿತ್ತಿದಳು. ಅವಳನ್ನು ನೋಡಿ ಇನ್ನೂ ಮೂರು ಮನೆಯವರು ಬಿತ್ತಿದರು. ಖಾಲಿ ಬಿಟ್ಟಿದ್ದ ತುಂಡು ಹೊಲದಲ್ಲಿ ನಾವೂ ಬಿತ್ತಿದೆವು.

ಮೊದಲ ಸರದಿಗೆ ನೀರು ಚೆನ್ನಾಗಿ ಬಂತು. ಕಾಲುವೆಗೆ ಅಡ್ಡ ಇರುವ ಸಣ್ಣ ಸೇತುವೆ ನಮ್ಮ ಶಾಲೆಯ ಎದುರಿಗೇ ಇದೆ. ಹಿಂದೊಮ್ಮೆ ಅಳತೆಯ ಪಾಠಕ್ಕೆಂದು ಅದರ ಕಂಬದ ಮೇಲೆ ನಾನು ನೀಲಿ ಬಣ್ಣದಲ್ಲಿ ಗೆರೆ ಎಳೆದಿದ್ದೆ. ಗೇಣಿಗೊಂದು ಗೆರೆ, ಒಟ್ಟು ಎಂಟು. ಮೊದಲ ಸರದಿಯಲ್ಲಿ ನೀರು ಆರನೆಯ ಗೆರೆ ಮುಟ್ಟಿತು. ಎರಡನೆಯ ಸರದಿಯಲ್ಲಿ ಮೂರಕ್ಕೆ ನಿಂತಿತು. ಅಣ್ಣನಿಗೆ ಫೋನ್ ಮಾಡಿದೆ. ಮೇಲೆ ಗೇಟು ಕೆಟ್ಟಿದೆ, ರಿಪೇರಿ ನಡೆದಿದೆ, ಇನ್ನೆರಡು ದಿನ ಅಂದ. ನಾನು ಅದನ್ನೇ ಕಾಕಿಗೆ ಹೇಳಿದೆ. ಮೂರನೆಯ ಸರದಿಗೆ ನೀರು ಒಂದನೆಯ ಗೆರೆಯ ಹತ್ತಿರ ಹರಿಯಿತು. ಅಷ್ಟು ನೀರು ಕಾಲುವೆಯ ತಳದಲ್ಲೇ ಹೋಗುತ್ತದೆ, ಹೊಲದ ಬಾಯಿಗೆ ಹತ್ತುವುದಿಲ್ಲ. ಮತ್ತೆ ಫೋನ್ ಮಾಡಿದೆ. ಕಾಲುವೆಯಲ್ಲಿ ಆಪು ಹುಲ್ಲು ಬೆಳೆದು ನೀರು ತಡೆದಿದೆ, ಜನ ಹಚ್ಚಿ ತೆಗೆಸುತ್ತಿದ್ದೇನೆ ಅಂದ. ಅದನ್ನೂ ನಂಬಿ ಅದನ್ನೂ ಕಾಕಿಗೆ ಹೇಳಿದೆ. ಶೇಂಗಾಕ್ಕೆ ಹಳದಿ ಹೂವು ಬಂದಿತ್ತು. ಹೂವು ಬಾಗಿ ಮಣ್ಣಿಗೆ ಇಳಿದು ಕಾಯಿ ಕಟ್ಟುವ ಹೊತ್ತಿಗೆ ನೆಲ ಮೆತ್ತಗಿರಬೇಕು. ನೆಲ ಗಟ್ಟಿಯಾಗಿದ್ದರೆ ಹೂವು ಮೇಲೆಯೇ ಒಣಗುತ್ತದೆ. ಕಾಕಿ ದಿನಾ ಬೆಳಿಗ್ಗೆ ಸೇತುವೆಯ ಮೇಲೆ ನಿಂತು ನನ್ನ ನೀಲಿ ಗೆರೆಗಳನ್ನು ನೋಡಿ ಹೋಗುತ್ತಿದ್ದಳು.

ನನಗೆ ನಿಜ ಗೊತ್ತಾದದ್ದು ಅವ್ವನ ಫೋನಿನಿಂದ. ಅವ್ವ ವಾರಕ್ಕೊಮ್ಮೆ ನನ್ನ ಜೊತೆ ಮಾತಾಡುತ್ತಿದ್ದಳು. ಆ ಸಲ ಮಾತಿನ ನಡುವೆ, ಊರಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿದೆ, ನಿನ್ನೆಯಿಂದ ಕರೆಂಟಿಲ್ಲ, ಗಿರಣಿ ಬಂದ್, ಮನೆಯಲ್ಲಿ ಹಿಟ್ಟಿಲ್ಲ ಎಂದು ಗೊಣಗಿದಳು. ಮರುದಿನ ಶಾಲೆಗೆ ಹೋದರೆ ಕಾಲುವೆಯಲ್ಲಿ ನೀರು ಐದನೆಯ ಗೆರೆಗೆ ಏರಿತ್ತು. ನನಗೆ ಖುಷಿಯೋ ಖುಷಿ. ಆಪು ತೆಗೆಸಿದನಲ್ಲ ಎಂದುಕೊಂಡೆ. ಆ ಸಂಜೆ ಅವ್ವನಿಗೆ ನಾನೇ ಫೋನ್ ಮಾಡಿದಾಗ, ಹೊಸ ಟಿ.ಸಿ. ಕೂಡಿಸಿದರು, ಈಗ ಗಿರಣಿಗೆ ಜೋಳ ಕಳಿಸಿದ್ದೇನೆ ಅಂದಳು. ಅದರ ಮರುದಿನ ನೀರು ಎರಡನೆಯ ಗೆರೆಗೆ ಇಳಿದಿತ್ತು.

ಪಾಠ ಮಾಡಲಾಗಲಿಲ್ಲ. ಮಕ್ಕಳಿಗೆ ಬರೆಯಲು ಕೊಟ್ಟು ಕಿಟಕಿಯ ಹತ್ತಿರ ನಿಂತೆ. ಅಲ್ಲಿ ಕರೆಂಟು ಹೋದರೆ ಇಲ್ಲಿ ನೀರು ಬರುತ್ತದೆ. ಅಲ್ಲಿ ಕರೆಂಟು ಬಂದರೆ ಇಲ್ಲಿ ನೀರು ಹೋಗುತ್ತದೆ. ಮನೆಗೆ ಹೋಗಿ ಗಂಡನಿಗೆ ಇದನ್ನು ಹೇಳಿದಾಗ ಅವರು ಎತ್ತಿಗೆ ಮೇವು ಹಾಕುತ್ತಿದ್ದರು. ತಿರುಗಿ ನೋಡದೆಯೇ, ಎರಡನೆಯ ಸರದಿಗೇ ತನಗೆ ಅನುಮಾನ ಬಂದಿತ್ತು ಎಂದರು. ಹೇಳಬೇಕಿತ್ತಲ್ಲ ಎಂದೆ. “ನಾ ಹೇಳಿದ್ರ ನೀ ನಂಬ್ತಿದ್ದಿಲ್ಲ,” ಅಂದರು. ಅದು ನಿಜವಾಗಿತ್ತು.

ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಬಸ್ಸು ಹತ್ತಿದೆ. ಸುರಪುರದಲ್ಲಿ ಇಳಿದು ಹುಣಸಗಿಯ ಮೇಲೆ ಕೊಡೇಕಲ್‌ಗೆ ಹೋಗುವ ಬಸ್ಸು ಹಿಡಿದೆ. ತವರಿನ ಸ್ಟಾಪಿಗಿಂತ ಒಂದು ಸ್ಟಾಪ್ ಮೊದಲೇ ಇಳಿದು ಕಾಲುವೆಯ ದಂಡೆ ಹಿಡಿದು ನಡೆದೆ. ಹುಟ್ಟಿದ ಊರಿಗೆ ಕಳ್ಳಿಯಂತೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಮೋಟಾರುಗಳ ಸದ್ದು ಕೇಳಿಸತೊಡಗಿತು. ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ದಂಡೆಯ ಉದ್ದಕ್ಕೂ ಅಲ್ಲಲ್ಲಿ ಜಾಲಿ ಕಂಟಿ ಕಡಿದು ಒಟ್ಟಿದ್ದರು. ಒಂದು ಕಂಟಿಯನ್ನು ಸರಿಸಿ ನೋಡಿದೆ, ಕೆಳಗೆ ಪೈಪು ನೀರಿಗೆ ಬಾಯಿಟ್ಟಿತ್ತು. ಎಣಿಸುತ್ತಾ ಹೋದೆ. ಹನ್ನೊಂದರ ನಂತರ ಬಿಟ್ಟೆ. ಅಣ್ಣನದು ಒಂದಲ್ಲ, ಎರಡು ಇದ್ದವು.

ಎತ್ತರದ ನಮ್ಮ ಹೊಲ ಹಸಿರಾಗಿತ್ತು. ಭತ್ತ. ಜೋಳವೂ ಅಲ್ಲ, ಕಡಲೆಯೂ ಅಲ್ಲ. ಐದಾರು ಹೆಣ್ಣುಮಕ್ಕಳು ಕೆಸರಿನಲ್ಲಿ ಬಾಗಿ ಕಳೆ ತೆಗೆಯುತ್ತಿದ್ದರು. ಅವರಲ್ಲಿ ಒಬ್ಬಳು ನನ್ನನ್ನು ಗುರುತು ಹಿಡಿದು ಬದುವಿಗೆ ಬಂದಳು. ಬೆಳೆ ಚೆನ್ನಾಗಿದೆ ಎಂದೆ. ಸಸಿ ಯಾವಾಗ ಹಾಕಿದ್ದು ಎಂದು ಸುಮ್ಮನೆ ಕೇಳುವಂತೆ ಕೇಳಿದೆ.

“ಎಳ್ಳಮಾಸಿಗಿ ಮೊದಲೇ ಮಡ್ಯಾಗ ಹಾಕಿದ್ರಲ್ಲವ್ವ. ನಾವು ಚರಗ ಚೆಲ್ಲಾಕ ಬಂದಾಗ ಸಸಿ ಗೇಣುದ್ದ ಇತ್ತು. ನಿಮ್ಮಣ್ಣಾರು ಆವತ್ತ ಊರಾಗ ಇರಲಿಲ್ಲ, ನಿಮ್ಮ ಕಡಿಗೇ ಬಂದಾರಂತ ಹೇಳಿದ್ರು.”

ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಅಣ್ಣನ ಪರವಾಗಿ ಒಂದು ವಾದ ಇತ್ತು. ಮಾತು ಕೊಟ್ಟಾಗ ಮನಸ್ಸಿನಿಂದಲೇ ಕೊಟ್ಟಿರಬೇಕು, ಆಮೇಲೆ ಉಳಿದವರು ಹಾಕಿದ್ದನ್ನು ನೋಡಿ ತಡೆಯಲಾಗದೆ ತಾನೂ ಹಾಕಿರಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಮನುಷ್ಯ ಸೋಲುತ್ತಾನೆ, ಅದನ್ನು ನುಂಗಿಕೊಳ್ಳಬಹುದು. ಆದರೆ ಅವನು ನಮ್ಮ ಬನ್ನಿ ಮರದ ಕೆಳಗೆ ರೊಟ್ಟಿ ಮುರಿಯುವಾಗಲೇ ಇಲ್ಲಿ ಸಸಿ ಎದ್ದು ನಿಂತಿತ್ತು.

ಮನೆಗೆ ಹೋದೆ. ಅಣ್ಣ ಹೊರಸಿನ ಮೇಲೆ ಕೂತಿದ್ದ. ವೈನಿ, ಅಣ್ಣನ ಹೆಂಡತಿ, ನೀರು ತಂದಳು. ಅವ್ವ ಇದ್ದಕ್ಕಿದ್ದಂತೆ ಯಾಕೆ ಬಂದೆ ಎಂದು ಕೇಳಿ, ನನ್ನ ಕಾಲಿನ ಕೆಸರು ನೋಡಿ ಗೋಡೆಗೆ ಒರಗಿ ಕೂತಳು.

“ನಮ್ಮ ಹೊಲಕ್ಕ ಬಂದು ಮಾತು ಕೊಡೂಕಿಂತ ಮೊದಲೇ ಇಲ್ಲಿ ಸಸಿ ಹಾಕಿದ್ದಿ, ಹೌದಲ್ಲೊ ಅಣ್ಣ?”

ಅವನು ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಹೇಳಲಿಲ್ಲ.

“ಹಾಕಿದ್ದೆ,” ಅಂದ.

“ಮತ್ತ ಯಾಕ ಹಂಗ ಹೇಳಿದಿ?”

“ಹೇಳದಿದ್ರ ನಿಮ್ಮೂರ ಮಂದಿ ಆವತ್ತೇ ಆಫೀಸಿನ ಮುಂದ ಹೋಗಿ ಕೂಡ್ತಿದ್ರು. ಕೆನಾಲ್ ಲೈನಿನ ಕರೆಂಟ್ ಕಟ್ ಮಾಡಿಸ್ತಿದ್ರು. ಒಂದ್ ತಿಂಗಳು ತಡದ್ರ ಸಾಕಿತ್ತು ನಮಗ, ನಾಟಿ ಹಚ್ಚಿ ಮುಗೀತಿತ್ತು. ನೀ ಹೇಳಿದ್ರ ಅವರು ಕೇಳ್ತಾರ ಅನ್ನೂದು ನನಗ ಗೊತ್ತಿತ್ತು.”

ಅವನು ಮುಂದುವರಿಸಿದ. ತಾನೊಬ್ಬ ಮೋಟಾರು ಎತ್ತಿದರೆ ಆ ನೀರು ನಿನ್ನ ಹೊಲಕ್ಕೇನೂ ಬರುವುದಿಲ್ಲ, ಮಗ್ಗುಲಿನವನು ಎಳೆದುಕೊಳ್ಳುತ್ತಾನೆ ಅಂದ. ಕರೆಂಟು ಪುಕ್ಕಟೆ, ಎದುರಿಗೆ ನೀರು ಹೋಗುತ್ತಿದೆ, ಯಾರು ಕೈ ಕಟ್ಟಿ ಕೂಡುತ್ತಾರೆ ಅಂದ. ನಿನಗೆ ಸಂಬಳ ಇದೆ, ನಿನ್ನ ಮನೆ ಶೇಂಗಾದ ಮೇಲೆ ನಿಂತಿಲ್ಲ, ನನ್ನ ಮನೆ ಭತ್ತದ ಮೇಲೆ ನಿಂತಿದೆ ಅಂದ. ಒಂದೊಂದು ಮಾತೂ ಬಿಡಿಯಾಗಿ ಕೇಳಿದರೆ ಸುಳ್ಳಲ್ಲ. ಕಾಕಿಗೆ ಸಂಬಳ ಇಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಿದರೂ ಅವನಿಗೆ ಕಾಕಿ ಯಾರು ಎಂದು ಗೊತ್ತಿರಲಿಲ್ಲ. ಅವಳು ಅವತ್ತು ಅವನ ಎದುರಿಗೇ ಕೂತು ಉಂಡಿದ್ದಳು.

ಅವ್ವನ ಕಡೆ ತಿರುಗಿದೆ. ನಿನಗೂ ಗೊತ್ತಿತ್ತೇ ಎಂದು ಕೇಳಿದೆ. ವಾರವಾರ ಫೋನ್ ಮಾಡಿ, ಮಳೆ ಬೆಳೆ, ಮಕ್ಕಳ ನೆಗಡಿ ಎಲ್ಲ ವಿಚಾರಿಸುತ್ತಿದ್ದವಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಿನ್ನ ಕೊಟ್ಟ ಮ್ಯಾಲ ನೀ ಆ ಊರಾಕಿ ಆದಿ. ನಾ ಉಣ್ಣೂದು ಇವನ ಕೈಯಾಗ.”

ವೈನಿ ತಾಟು ಇಟ್ಟಿದ್ದಳು. ಉಣ್ಣದೆ ಎದ್ದೆ. ತವರಿನಲ್ಲಿ ಉಣ್ಣದೆ ಹೊಸ್ತಿಲು ದಾಟಿದ್ದು ಅದೇ ಮೊದಲು. ಅಣ್ಣ ಬಸ್ ಸ್ಟಾಪಿನವರೆಗೆ ಹಿಂದೆ ಬಂದ. ಗಾಡಿಯ ಮೇಲೆ ಬಿಟ್ಟು ಬರುತ್ತೇನೆ ಅಂದ. ಬಸ್ಸು ಬರುವವರೆಗೆ ದೂರದಲ್ಲಿ ನಿಂತಿದ್ದ.

ಊರಿಗೆ ಬಂದು ಮೊದಲು ಕಾಕಿಯ ಹೊಲಕ್ಕೆ ಹೋದೆ. ಅವಳು ಕೊಡದಲ್ಲಿ ನೀರು ಹೊತ್ತು ತಂದು ನಾಲ್ಕು ಸಾಲಿಗಾದರೂ ಹಾಕೋಣ ಎಂದು ಹಾಕುತ್ತಿದ್ದಳು. ಗೇಟು ಕೆಟ್ಟದ್ದು ಸುಳ್ಳು, ಆಪು ಬೆಳೆದದ್ದು ಸುಳ್ಳು, ನಾನು ನಿನಗೆ ಹೇಳಿದ್ದೆಲ್ಲ ಸುಳ್ಳು ಎಂದು ಹೇಳಿದೆ. ಅವಳು ಕೊಡ ಕೆಳಗಿಟ್ಟಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

“ನೀ ಸುಳ್ಳ ಹೇಳಿಲ್ಲ ಟೀಚರ್. ಆದ್ರ ನಾ ಬಿತ್ತಿದ್ದು ನಿಮ್ಮಣ್ಣನ ಮಾತಿಗಲ್ಲ, ನಿನ್ನ ಮಾತಿಗಿ.”

ಅದೇ ವಾರ ಕೊನೆಯ ಊರುಗಳ ಜನ ನೀರಾವರಿ ಕಚೇರಿಗೆ ಹೋದರು. ನಾನೂ ಹೋದೆ. ಗಂಡಸರು ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಅಧಿಕಾರಿ ಕಣ್ಣಾರೆ ನೋಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದರು. ನಾನು ಮುಂದೆ ಹೋದೆ. ಬರೆದು ಕೊಡಿ ಎಂದು ಹಾಳೆ ಸರಿಸಿದರು. ಎಲ್ಲೆಲ್ಲಿ ಕಂಟಿ, ಎಲ್ಲೆಲ್ಲಿ ಪೈಪು, ಯಾರ ಹೊಲದಲ್ಲಿ ಭತ್ತ ಎಂದು ಬರೆದೆ. ನನಗೆ ಗುರುತಿದ್ದ ಹೆಸರುಗಳು ನಾಲ್ಕು. ಅಣ್ಣನ ಹೆಸರನ್ನು ಮೊದಲು ಬರೆದೆ. ಕೊನೆಗೆ ಬರೆದರೆ ಕೈ ತಡೆಯುತ್ತದೆ ಎಂಬ ಭಯವಿತ್ತು.

ಮೂರು ದಿನಕ್ಕೆ ಕಾಲುವೆಯ ದಂಡೆಯ ಲೈನಿಗೆ ಕರೆಂಟು ನಿಲ್ಲಿಸಿದರು. ಮೋಟಾರುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರಂತೆ. ನಮ್ಮ ಸೇತುವೆಯ ಕಂಬದಲ್ಲಿ ನೀರು ಏಳನೆಯ ಗೆರೆಗೆ ಬಂತು. ಎರಡು ಊರಿನ ಜನ ದಂಡೆಗೆ ಬಂದು ನಿಂತರು. ನಮ್ಮ ಕುಡಿಯುವ ನೀರಿನ ಕೆರೆ ತುಂಬಿತು. ಕಾಕಿಯ ಶೇಂಗಾ ಎರಡು ದಿನದಲ್ಲಿ ಎಲೆ ಬಿಚ್ಚಿ ನಳನಳಿಸಿತು. ದೂರದಿಂದ ನೋಡಿದವರು ಬೆಳೆ ಬದುಕಿತು ಅಂದರು. ಆದರೆ ಹೂವಿನ ಕಾಲ ಹೋಗಿಬಿಟ್ಟಿತ್ತು. ಕೀಳುವ ಹೊತ್ತಿಗೆ ಒಂದು ಗಿಡಕ್ಕೆ ಒಂದೋ ಎರಡೋ ಕಾಯಿ, ಒಡೆದರೆ ಒಳಗೆ ಸುಕ್ಕು. ನಮ್ಮ ಹೊಲದ್ದೂ ಅದೇ ಕತೆ. ಕಾಕಿ ಕುರಿಯವರನ್ನು ಕರೆದು ಹೊಲ ಮೇಯಿಸಲು ಬಿಟ್ಟಳು. ಬೀಜಕ್ಕೆ ಆರಿಸಿಡಲು ಏನೂ ಸಿಗಲಿಲ್ಲ. ಮುಂದಿನ ವರ್ಷ ಅವಳು ಮೊದಲ ಸಲ ಶಹಾಪುರದ ಅಂಗಡಿಯಿಂದ ಬೀಜ ತಂದಳು. ಏನು ಬಿತ್ತಬೇಕೆಂದು ನನ್ನನ್ನು ಕೇಳಲಿಲ್ಲ.

ಆ ಲೈನಿನ ಮೇಲೆಯೇ ತವರಿನ ಗಿರಣಿಯೂ, ಕುಡಿಯುವ ನೀರಿನ ಮೋಟಾರೂ ಇದ್ದವು. ಅದು ನನಗೆ ಬರೆಯುವಾಗ ಹೊಳೆದಿರಲಿಲ್ಲ. ಹೊಳೆದಿದ್ದರೂ ಬರೆಯುತ್ತಿದ್ದೆನೇನೋ. ಊರಿನ ಹೆಣ್ಣುಮಕ್ಕಳು ಕೊಡ ಹೊತ್ತು ಕಾಲುವೆಗೆ ಇಳಿದರು, ಹಿಟ್ಟು ಬೀಸಿಸಲು ಹುಣಸಗಿಗೆ ಹೋದರು. ವೈನಿ ಫೋನ್ ಮಾಡಿ, ಊರೆಲ್ಲ ನಿನ್ನ ಹೆಸರು ಹಿಡಿದು ಬೈಯುತ್ತಿದೆ, ನಿನ್ನ ಅವ್ವ ತಲೆ ತಗ್ಗಿಸಿ ಓಡಾಡುತ್ತಿದ್ದಾಳೆ ಅಂದಳು. ಅಣ್ಣನ ಭತ್ತ ಅರ್ಧ ಉಳಿಯಿತು. ಟ್ರ್ಯಾಕ್ಟರಿಗೆ ಪಂಪು ಹಚ್ಚಿ, ಡೀಸೆಲ್ ಸುಟ್ಟು ಉಳಿಸಿಕೊಂಡನಂತೆ. ಆ ಮೇಲೆ ಅಲ್ಲಿ ಕರೆಂಟು ಇಲ್ಲದಿದ್ದರೂ ನಮ್ಮಲ್ಲಿ ನೀರು ಇಳಿಯತೊಡಗಿತು.

ಮನೆಯಲ್ಲಿ ಹಿಂದಿನ ಸುಗ್ಗಿಗೆ ಅವನು ತಂದಿದ್ದ ಅಕ್ಕಿ ಅರ್ಧ ಚೀಲ ಇತ್ತು. ಬಾವಿಗೆ ಸುರಿಯಬೇಕು ಅನ್ನಿಸಿದ್ದುಂಟು. ಅನ್ನ ಚೆಲ್ಲುವುದು ನನ್ನ ಕೈಯಲ್ಲಿ ಆಗಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಬೇಯಿಸಿದೆ, ಮಕ್ಕಳು ಉಂಡರು, ಗಂಡ ಉಂಡರು, ನಾನೂ ಉಂಡೆ. ತಾಟಿನ ಮುಂದೆ ಕೂತಾಗ ಇದು ಯಾರ ನೀರಿನಲ್ಲಿ ಬೆಳೆದದ್ದು ಎಂಬ ಯೋಚನೆ ಬರುತ್ತಿತ್ತು. ಅದರ ಹಿಂದಿನ ವರ್ಷಗಳ ಅಕ್ಕಿಯ ನೆನಪೂ ಬರುತ್ತಿತ್ತು. ಪ್ರೀತಿ ಎಂದು ಬಾಗಿಲಲ್ಲಿ ಆರತಿ ಮಾಡಿ ಒಳಗೆ ತೆಗೆದುಕೊಂಡ ಅಷ್ಟೂ ಚೀಲಗಳ ಹಿಂದೆ ನಮ್ಮ ಊರಿನ ಒಣಗಿದ ಕಾಲುವೆ ಇತ್ತು ಎಂಬುದು ನನಗೆ ತಡವಾಗಿ ತಿಳಿಯಿತು.

ಒಂದು ವರ್ಷ ಮಾತುಕತೆ ಇರಲಿಲ್ಲ. ಅದರಾಚೆಯ ಬೇಸಿಗೆಯಲ್ಲಿ, ಶಾಲೆಗೆ ರಜೆ ಬೀಳುವ ಮೊದಲು, ಅವ್ವ ಒಬ್ಬಳೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ ಒಂದೇ. ನಾಲ್ಕು ದಿನ ಇದ್ದಳು. ನನ್ನ ಜೊತೆ ಹೊಸ ಸೀರೆ, ಹಳೆಯ ಮಂಡಿನೋವು, ಇಂಥವೇ ಮಾತು. ಅಣ್ಣನ ಹೊಲದಲ್ಲಿ ಒಂದು ಮೂಲೆ ಬೆಳ್ಳಗಾಗಿ ಉಪ್ಪೇರಿದೆ, ಭತ್ತ ಹಳದಿಯಾಗುತ್ತಿದೆ ಎಂದು ಒಮ್ಮೆ ಹೇಳಿದಳು. ನಾನು ಕೇಳಿಸಿಕೊಂಡೆ. ಸಂತೋಷವಾಗಲಿಲ್ಲ. ಅಪ್ಪ ಎತ್ತು ಹೂಡಿದ ಹೊಲ ಅದು.

ಮೂರನೆಯ ದಿನ ಬೆಳಿಗ್ಗೆ ಅವಳು ನನ್ನ ಜೊತೆ ಶಾಲೆಯವರೆಗೆ ನಡೆದು ಬಂದಳು. ಅಲ್ಲಿಯವರೆಗೆ ಅವಳು ನಮ್ಮ ಊರಿಗೆ ಬಂದದ್ದೆಲ್ಲ ಮಳೆಗಾಲದ ಹಬ್ಬಗಳಿಗೆ. ಕಾಲುವೆಯನ್ನು ಬೇಸಿಗೆಯಲ್ಲಿ ನೋಡಿರಲಿಲ್ಲ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದಳು. ತಳದ ಮಣ್ಣು ಬಿರಿದಿತ್ತು, ಆಡುಗಳು ಒಳಗಿಳಿದು ದಂಡೆಯ ನೆರಳಿಗೆ ಮಲಗಿದ್ದವು. ಬಹಳ ಹೊತ್ತು ನೋಡಿ ಹೇಳಿದಳು.

“ನಿಮ್ಮಲ್ಲಿ ನೀರು ಹೆಚ್ಚಾಗಿ ಹಳ್ಳಕ್ಕ ಹೊಂಟೈತಿ ಅಂತ ಹೇಳಿದ್ದ ಅವ. ನಾ ಅದನ್ನ ನಂಬಿದ್ದೆ.”

ಹಾಗಿದ್ದರೆ ಅವತ್ತು ಯಾಕೆ ಹೇಳಲಿಲ್ಲ, ನೀನು ಆ ಊರಾಕಿ ಎಂದು ಯಾಕೆ ಅಂದೆ ಎಂದು ಕೇಳಬೇಕೆನ್ನಿಸಿತು. ಅವ್ವನಿಗೂ ಅವನು ಸುಳ್ಳು ಹೇಳಿದ್ದನೋ, ಅಥವಾ ಈಗ ನನ್ನನ್ನು ಒಲಿಸಲು ಅವ್ವ ಹೇಳುತ್ತಿದ್ದಾಳೋ ಗೊತ್ತಾಗಲಿಲ್ಲ. ಮೊದಲಾಗಿದ್ದರೆ ಅವ್ವನ ಮುಖ ನೋಡಿಯೇ ಹೇಳುತ್ತಿದ್ದೆ. ಕೇಳದೆ ಶಾಲೆಯೊಳಗೆ ಹೋದೆ. ಹಾಜರಿ ತೆಗೆದುಕೊಳ್ಳುವಾಗ ಕಿಟಕಿಯಿಂದ ನೋಡಿದರೆ ಅವಳು ಇನ್ನೂ ಅಲ್ಲೇ ನಿಂತಿದ್ದಳು.

ಮರುದಿನ ಅವಳನ್ನು ಸುರಪುರದವರೆಗೆ ಬಿಡಲು ಹೋದೆ. ಹುಣಸಗಿಯ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕದ ಸೀಟು ಹಿಡಿದು ಕೂಡಿಸಿದೆ. ಅವ್ವ ಚೀಲ ತೊಡೆಯ ಮೇಲಿಟ್ಟುಕೊಂಡು ಪಂಚಮಿಗೆ ಬರುತ್ತೀಯೇನು ಎಂದು ಕೇಳಿದಳು. ಶಾಲೆ ಇರುತ್ತದೆ ಅವ್ವ ಎಂದೆ. ಪಂಚಮಿಗೆ ಶಾಲೆಗೆ ರಜೆ ಇರುತ್ತದೆ ಎಂಬುದು ಅವಳಿಗೂ ಗೊತ್ತು. ಹೂಂ ಎಂದು ಸೆರಗು ಸರಿಮಾಡಿಕೊಂಡಳು. ಕಂಡಕ್ಟರ್ ಸೀಟಿ ಊದಿದ, ನಾನು ಕೆಳಗಿಳಿದೆ.